ಲೈಸೆನ್ಸ್ ಕರಾರು ಓದದೆ ಕೋಟು ತೊಡಬೇಡಿ

ಮೊಬೈಲ್ ಕಂಪನಿಗಳ ಪರ ವಾದಿಸಬೇಕೆಂದು ದೆಹಲಿಯ ಟೆಲಿಕಾಂ ವ್ಯಾಜ್ಯಗಳ ನ್ಯಾಯಮಂಡಳಿ ಟಿಡಿಸ್ಯಾಟ್‌ನ ಮೆಟ್ಟಿಲು ಹತ್ತಲು ಹೊರಟಿದ್ದೀರಿ. ಒಳ್ಳೆಯದು. ತರಂಗಾಂತರ, ಟವರು, ಇಂಟರ್‌ಕನೆಕ್ಷನ್ ಇವೆಲ್ಲ ಎಂಜಿನಿಯರುಗಳ ಜೊತೆ ಕೂತರೆ ಬೇಗ ತಲೆಗೆ ಹತ್ತುತ್ತವೆ. ಕೈಕೊಡುವುದು ಕರಾರು.

ಎಜಿಆರ್ (ಹೊಂದಾಣಿಕೆ ಮಾಡಲಾದ ಒಟ್ಟು ಆದಾಯ) ಕೇಸನ್ನೇ ನೋಡಿ. ನಿಗದಿತ ಲೈಸೆನ್ಸ್ ಶುಲ್ಕ ಕಟ್ಟಲಾಗದೆ ಏದುಸಿರು ಬಿಡುತ್ತಿದ್ದ ಕಂಪನಿಗಳು 1999ರಲ್ಲಿ ಸರ್ಕಾರಕ್ಕೆ ಆದಾಯದ ಪಾಲು ಕೊಡುವ ಪದ್ಧತಿಯನ್ನು ಸಂತೋಷದಿಂದಲೇ ಒಪ್ಪಿಕೊಂಡವು. 'ಒಟ್ಟು ಆದಾಯ'ದ ವ್ಯಾಖ್ಯೆಯೊಳಗೆ ಬಡ್ಡಿ, ಲಾಭಾಂಶಗಳೂ ಬಂದು ಕೂತಿದ್ದವು. ಜಗಳ ಶುರುವಾದದ್ದು ಆಮೇಲೆ. ನಡುವೆ ಟಿಡಿಸ್ಯಾಟ್‌ನಲ್ಲಿ ಕಂಪನಿಗಳಿಗೆ ಅನುಕೂಲವಾದದ್ದೂ ಉಂಟು. ಆದರೆ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು, ಸಹಿ ಹಾಕಿದ ವ್ಯಾಖ್ಯೆಗೆ ಬದ್ಧರಾಗಿರಿ ಎಂದುಬಿಟ್ಟಿತು. ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಸೇರಿ ಅಸಲನ್ನೇ ಮೀರಿಸಿದವು. ಮರುವರ್ಷ ಸೆಪ್ಟೆಂಬರಿನಲ್ಲಿ ಬಾಕಿ ತೀರಿಸಲು ಹತ್ತು ವರ್ಷಗಳ ಕಂತು ಸಿಕ್ಕಿತು. 2021ರಲ್ಲಿ ಲೆಕ್ಕದ ತಪ್ಪುಗಳನ್ನಾದರೂ ತಿದ್ದಿಸಿಕೊಡಿ ಎಂದರೆ ಕೋರ್ಟು ಅದಕ್ಕೂ ಇಲ್ಲವೆಂದಿತು. ಇಂಥ ಕೇಸಿನಲ್ಲಿ ವಕೀಲನ ಮೊದಲ ಕೆಲಸ ವಾದವಲ್ಲ. "ಸೋತರೆ ಇಷ್ಟು ಕಟ್ಟಬೇಕಾದೀತು, ಈಗಲೇ ತೆಗೆದಿಡಿ" ಎಂದು ಕಕ್ಷಿದಾರನ ಮುಖ ನೋಡಿ ಹೇಳುವುದು. ಅವರಿಗೆ ಅದು ಹಿಡಿಸುವುದಿಲ್ಲ. ಹೇಳಿ, ಪತ್ರದಲ್ಲೂ ಬರೆದು ಕೊಡಿ.

ಹಾಗೆಂದು ಕಾಗದ ಸದಾ ಸರ್ಕಾರದ ಕಡೆಗೇ ಇರುವುದಿಲ್ಲ. 2015ರ ಅಕ್ಟೋಬರಿನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ನಿಯಮ ತಂದಿತು: ಕರೆ ಕಡಿದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ನನ್ನ ಮನೆಯವರೂ ತಟ್ಟಿದರು, ಅವರ ಕರೆಯೂ ಕಡಿಯುತ್ತಿತ್ತಲ್ಲ! ದೆಹಲಿ ಹೈಕೋರ್ಟಿನಲ್ಲಿ ಕಂಪನಿಗಳು ಸೋತವು. ಸುಪ್ರೀಂ ಕೋರ್ಟಿನಲ್ಲಿ ಅವರ ಕೈ ಹಿಡಿದದ್ದು ಟ್ರಾಯ್‌ನದೇ ಕಾಗದಗಳು. ನೂರಕ್ಕೆ ಎರಡರವರೆಗೆ ಕರೆ ಕಡಿದರೆ ಅಡ್ಡಿಯಿಲ್ಲ ಎಂದು ಅದರದೇ ಗುಣಮಟ್ಟದ ನಿಯಮ ಹೇಳುತ್ತಿತ್ತು. ಗ್ರಾಹಕನ ಕಡೆಯ ಕಾರಣಕ್ಕೂ ಕರೆ ಕಡಿಯುತ್ತದೆ ಎಂದು ಅದರದೇ ತಾಂತ್ರಿಕ ಟಿಪ್ಪಣಿ ಒಪ್ಪಿತ್ತು. ಹಾಗಿರುವಾಗ ಪ್ರತಿ ಕರೆಗೂ ಕಂಪನಿಗೇ ದಂಡ ಏಕೆ? 2016ರ ಮೇ 11ರಂದು ನಿಯಮ ಬಿದ್ದುಹೋಯಿತು. ನನ್ನ ಮಟ್ಟಿಗೆ ಇಡೀ ಟೆಲಿಕಾಂ ಕಾನೂನಿನಲ್ಲಿ ಕಿರಿಯರು ಸಾಲು ಬಿಡದೆ ಓದಬೇಕಾದ ತೀರ್ಪು ಅದು.

ಶ್ರೀಮಂತರ ಪರ ನಿಂತೆ ಎಂದು ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ. ಜನಪ್ರಿಯವಾದ ನಿಯಮವನ್ನೂ ಕಾನೂನಿನ ತಕ್ಕಡಿಗೆ ಹಾಕಿ ತೂಗಲು ಯಾರಾದರೂ ಬೇಕಲ್ಲ. ಸುಳ್ಳು ಅಫಿಡವಿಟ್ಟಿಗೆ ಮಾತ್ರ, ಎಷ್ಟೇ ದೊಡ್ಡ ಕಕ್ಷಿದಾರನಾದರೂ, ಕೈಹಾಕಬೇಡಿ.

ಇವತ್ತೇ ಟ್ರಾಯ್ ಕಾಯ್ದೆಯ 14ನೇ ಸೆಕ್ಷನ್ ತೆಗೆದು ಓದಿ, ನಂತರ 18ನೆಯದು. ಟಿಡಿಸ್ಯಾಟ್ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ. ಆ ತಾರೀಕನ್ನು ಗುಮಾಸ್ತರಿಗೆ ಬಿಡದೆ ನೀವೇ ಬರೆದಿಟ್ಟುಕೊಳ್ಳಿ.