ಇಂದಿನ ಚಿಂತನೆ: ಚಕ್ರದ ಪಕ್ಕದ ಎರಡು ಜಿಂಕೆ



ಕಳೆದ ಭಾನುವಾರ ಹರಿಹರದಲ್ಲಿ ಅಧ್ಯಯನಕ್ಕೆ ಕೂತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಮಾಮಾ, ಧಮ್ಮಚಕ್ರದ ಪಕ್ಕ ಜಿಂಕೆ ಯಾಕದಾವೆ? ಅವೂ ದೇವ್ರಾ?"

ಒಳ್ಳೆಯ ಪ್ರಶ್ನೆ. ಹಿಂದೆ ಹಲವು ನಾಡುಗಳಲ್ಲಿ ಜನ ಕೊಂಬಿನ ದೇವರನ್ನು ಕಲ್ಪಿಸಿಕೊಂಡಿದ್ದರು. 1891ರಲ್ಲಿ ಡೆನ್ಮಾರ್ಕಿನ ಗುಂಡೆಸ್ಟ್ರುಪ್‌ನಲ್ಲಿ ಸಿಕ್ಕ ಬೆಳ್ಳಿ ಕೊಪ್ಪರಿಗೆಯ ಮೇಲೆ ಕವಲುಗೊಂಬು ಹೊತ್ತ ಪುರುಷನೊಬ್ಬ ಕೂತಿದ್ದಾನೆ, ಪಕ್ಕದಲ್ಲೇ ಸಾರಂಗ ನಿಂತಿದೆ. ಮೊಹೆಂಜೊದಾರೋ ಮುದ್ರೆಯಲ್ಲೂ ಕೊಂಬಿನ ಕಿರೀಟದವನ ಪೀಠದ ಕೆಳಗೆ ಜಿಂಕೆಯಂಥ ಪ್ರಾಣಿಗಳಿವೆ.

ನಮ್ಮ ಚಿಹ್ನೆಯಲ್ಲಿ ಕೊಂಬು ಯಾರ ತಲೆಯ ಮೇಲೂ ಇಲ್ಲ. ಇಲ್ಲಿ ಜಿಂಕೆ ದೇವರಲ್ಲ, ಜಾಗದ ಗುರುತು. ಬುದ್ಧರು ಐವರು ಭಿಕ್ಷುಗಳಿಗೆ ಮೊದಲ ಉಪದೇಶ ಕೊಟ್ಟಿದ್ದು ಸಾರನಾಥದ ಮಿಗದಾಯದಲ್ಲಿ, ಅಂದರೆ ಜಿಂಕೆವನದಲ್ಲಿ. ನಾಲಂದಾ ಮಹಾವಿಹಾರದ ಮುದ್ರೆಯಲ್ಲೂ ಇದೇ ಚಕ್ರ, ಇದೇ ಎರಡು ಜಿಂಕೆ.

ಜಿಂಕೆಗಳದ್ದೇ ಒಂದು ಜಾತಕ ಕಥೆ ಇದೆ. ವಾರಾಣಸಿಯ ರಾಜನ ಅಡುಗೆಮನೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕಿತ್ತು. ಶಾಖನ ಹಿಂಡಿನ ಬಸುರಿ ಜಿಂಕೆಯ ಸರದಿ ಬಂತು. "ಹೆತ್ತ ಮೇಲೆ ಹೋಗ್ತೀನಿ" ಎಂದು ಅದು ಬೇಡಿಕೊಂಡರೂ ಶಾಖ ಒಪ್ಪಲಿಲ್ಲ. ಇನ್ನೊಂದು ಹಿಂಡಿನ ನಾಯಕ ನಿಗ್ರೋಧನಿಗೆ ರಾಜನೇ ಅಭಯ ಕೊಟ್ಟಿದ್ದ. ಆದರೂ ಅವನು ಅವಳ ಬದಲು ತಾನೇ ಹೋಗಿ ಕೊರಡಿನ ಮೇಲೆ ತಲೆ ಇಟ್ಟ. ರಾಜನ ಮನಸ್ಸು ಕರಗಿತು. ನಿಗ್ರೋಧ ಕೇಳುತ್ತಾ ಹೋದಂತೆ ಮೃಗ, ಪಕ್ಷಿ, ಮೀನು ಎಲ್ಲಕ್ಕೂ ಅಭಯ ಸಿಕ್ಕಿತು.

ಈ ಕಥೆ ಹೇಳುವಾಗ ನನಗೆ ಗಂಟಲು ಕಟ್ಟಿತು. ದಾವಣಗೆರೆಯಲ್ಲಿ ನಾನು ಕೆಲಸ ಮಾಡುವ ಕಡೆ ಪಾಳಿ ಪಟ್ಟಿ ಬರೆಯುವವನು ನಾನೇ. ಹೋದ ವರ್ಷ ಬಸುರಿ ಹೆಣ್ಣುಮಗಳೊಬ್ಬಳು "ಅಣ್ಣಾ, ರಾತ್ರಿ ಪಾಳಿ ಬದಲು ಮಾಡ್ರಿ" ಎಂದಾಗ, "ರೂಲ್ಸು ಎಲ್ಲರಿಗೂ ಒಂದೇ ಕಣಮ್ಮಾ" ಎಂದು ಕಳಿಸಿದ್ದೆ. ಅವಳು ಕೆಲಸವನ್ನೇ ಬಿಟ್ಟಳು.

1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆರಿಗೆ ಸೌಲಭ್ಯ ಮಸೂದೆಯ ಪರ ನಿಂತಿದ್ದರು. ಅವರ ಫೋಟೋ ನನ್ನ ಮನೆಯಲ್ಲಿದೆ. 22 ಪ್ರತಿಜ್ಞೆಗಳು ಬಾಯಿಪಾಠ. ಎಲ್ಲ ಜೀವಿಗಳ ಮೇಲೆ ದಯೆ ಇರಲಿ ಎಂಬುದೂ ಅದರಲ್ಲಿದೆ. ಆದರೂ ಆ ದಿನ ನಾನು ಶಾಖನಾಗಿದ್ದೆ.

ಮೊನ್ನೆ ಆ ತಂಗಿಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಮಗುವನ್ನು ನನ್ನ ಕೈಗೆ ಕೊಟ್ಟಳು. ಈಗ ಪಟ್ಟಿ ಬರೆಯುವ ಮೊದಲು ಪ್ರತಿಯೊಬ್ಬರನ್ನೂ ಕೇಳಿಯೇ ಬರೆಯುತ್ತೇನೆ.

*ಇಂದಿನ ಅಭ್ಯಾಸ:* ನಿಯಮದ ಹೆಸರಲ್ಲಿ ನಾವು ಯಾರನ್ನು ವಾಪಸ್ ಕಳಿಸಿದ್ದೇವೆ? ಒಬ್ಬರನ್ನಾದರೂ ನೆನೆಯೋಣ, ಸಾಧ್ಯವಾದರೆ ಇಂದೇ ಹೋಗಿ ಮಾತಾಡಿಸೋಣ.

ಭವತು ಸಬ್ಬ ಮಂಗಲಂ 🌼