‘ನಾಳೆಯಿಂದ ಬರಬೇಡ’ ಎಂದರೆ ಕೆಲಸ ಹೋಯಿತೇ?

ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಬೆಂಗಳೂರಿನ ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಾಗಲಿ, ಬಸವನಗುಡಿಯ ಗಾಂಧಿ ಬಜಾರಿನಲ್ಲಾಗಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಗಿನಿಂದ ನಿಂತೇ ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಗಳು ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ಹಿಂದೆ ಚಾಮರಾಜಪೇಟೆಗೆ ಹತ್ತಿರದ ಬಿನ್ನಿ ಬಟ್ಟೆ ಗಿರಣಿಯ ಕಾರ್ಮಿಕರ ಬೆನ್ನಿಗೆ ಸಂಘವಿತ್ತು. ಆದರೆ ನಾಲ್ಕೈದು ಜನರ ಅಂಗಡಿಯಲ್ಲಿ ದುಡಿಯುವವರು ಮಾಲೀಕರೆದುರು ಒಬ್ಬೊಬ್ಬರೇ ನಿಲ್ಲಬೇಕು. ಅವರ ಬೆನ್ನಿಗಿರುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961.

ನಿಮ್ಮ ಹಕ್ಕುಗಳು

• ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕೂ ಮೀರಿ ದುಡಿದರೆ ಎರಡು ಪಟ್ಟು ಸಂಬಳ. ಹಬ್ಬದ ಊಟ, ಬೋನಸ್ಸು ಕೊಟ್ಟರೆ ಓವರ್‌ಟೈಮ್ ತೀರಿದಂತಲ್ಲ.
• ವಾರಕ್ಕೊಂದು ರಜೆ. ಆ ದಿನದ ಸಂಬಳ ಹಿಡಿಯುವಂತಿಲ್ಲ.
• ಕೆಲಸಕ್ಕೆ ಸೇರಿಸಿಕೊಂಡವರು ಲಿಖಿತ ನೇಮಕಾತಿ ಆದೇಶ ಕೊಡಬೇಕು.

ಕೆಲಸದಿಂದ ತೆಗೆದರೆ

ಕಾಯ್ದೆಯ 39ನೇ ಕಲಂ ಇಲ್ಲಿ ಮುಖ್ಯ. ನೀವು ಸತತ ಆರು ತಿಂಗಳು ದುಡಿದಿದ್ದರೆ, ಸಮಂಜಸ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ಸಂಬಳ ಕೊಡಬೇಕು. ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆದು ಅದು ಸಾಬೀತಾಗಬೇಕು. ಆಗ ಮಾತ್ರ ನೋಟಿಸ್ ಬೇಕಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರಿಗೂ ಬಿಡಿಸಿದವರಿಗೂ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಿಗಬೇಕು.

ಏನು ಮಾಡಬೇಕು?

1. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಹಣ ಕೈಗೆ ಬರುವ ಮೊದಲು ‘ಲೆಕ್ಕ ಚುಕ್ತಾ’ ಎಂದು ಬರೆದುಕೊಡಬೇಡಿ.
2. ತೆಗೆದ ದಿನಾಂಕ, ಬಾಕಿ ಮೊತ್ತ ನಮೂದಿಸಿ ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಪ್ರತಿ ಮತ್ತು ರಸೀದಿ ಇಟ್ಟುಕೊಳ್ಳಿ.
3. ನಿಮ್ಮ ವಲಯದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ಕಾರ್ಮಿಕ ಇಲಾಖೆಯ ಕಚೇರಿಗಳು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿವೆ. ವಜಾ ವಿರುದ್ಧ ಮೇಲ್ಮನವಿಗೆ ಕಾಲಮಿತಿ ಇದೆ, ತಡಮಾಡಬೇಡಿ.
4. ವಕೀಲರ ಶುಲ್ಕಕ್ಕೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100ಕ್ಕೆ ಕರೆಮಾಡಿ, ಅಥವಾ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಇಂಥ ದೂರುಗಳು ಸೋಲುವುದು ಬಹುಮಟ್ಟಿಗೆ ‘ಇವರು ನಮ್ಮಲ್ಲಿ ಕೆಲಸಕ್ಕಿರಲೇ ಇಲ್ಲ’ ಎಂಬ ಒಂದೇ ಮಾತಿಗೆ. ಸಂಬಳ ಜಮೆಯಾದ ಪಾಸ್‌ಬುಕ್, ‘ಬೇಗ ಬಾ’ ಎಂದು ಮಾಲೀಕರು ಕಳಿಸಿದ ವಾಟ್ಸಾಪ್ ಸಂದೇಶ, ಅಂಗಡಿಯ ಗುರುತಿನ ಚೀಟಿ, ಇವೆಲ್ಲ ಆ ಮಾತಿಗೆ ಉತ್ತರ. ಮಾಲೀಕರ ಬಳಿ ಲೆಕ್ಕದ ಪುಸ್ತಕವಿದೆ. ನಿಮ್ಮ ಬಳಿಯೂ ಒಂದಿರಲಿ: ಬಂದ ಹೊತ್ತು, ಹೋದ ಹೊತ್ತು, ಕೈಗೆ ಬಂದ ಹಣ. ಇವತ್ತಿನಿಂದಲೇ ಬರೆಯಿರಿ.