ಮನಶ್ಶಾಸ್ತ್ರ ಓದುವ ಮಗಳಿಗೆ

ಮಕ್ತಲ್

ಚಿರಂಜೀವಿ ಮಗಳೇ,

ಇಂಟರ್ ಆದಮೇಲೆ ಬಿ.ಎ.ಯಲ್ಲಿ ಮನಶ್ಶಾಸ್ತ್ರ ತಗೊಳ್ತೀನಿ ಅಂತ ಹಟ ಹಿಡಿದಿದ್ದೀಯಂತೆ. ‘ಅದ್ರಾಗ ದುಡಿಮಿ ಏನೈತಣ್ಣ?’ ಅಂತ ಗದ್ವಾಲದಿಂದ ನಿಮ್ಮಪ್ಪ ಫೋನ್ ಮಾಡಿದ್ದ. ಅವನ ಮೇಲೆ ಸಿಟ್ಟಾಗಬೇಡ. ಹೆತ್ತವರು ಕೇಳಲೇಬೇಕಾದ ಮಾತದು.

ಡಿಗ್ರಿ ಪ್ರವೇಶದ ಆನ್‌ಲೈನ್ ದೋಸ್ತ್‌ನಲ್ಲಿ ಆಪ್ಷನ್ ಕೊಡುವ ಮೊದಲು ಕಾಂಬಿನೇಷನ್ ನೋಡು. ಬಿ.ಎ. ಇದ್ದ ಕಾಲೇಜಿನಲ್ಲೆಲ್ಲ ಮನಶ್ಶಾಸ್ತ್ರ ಇರುವುದಿಲ್ಲ, ಹೈದರಾಬಾದಿಗೇ ಹೋಗಬೇಕಾದೀತು. ಸರ್ಕಾರಿ ಕಾಲೇಜಿನ ಫೀಸಿಗಿಂತ ಅಲ್ಲಿಯ ಹಾಸ್ಟೆಲ್ಲು, ಊಟ, ಬಸ್ಸಿನ ಖರ್ಚೇ ಹೆಚ್ಚು. ಖಾಸಗಿ ಕಾಲೇಜಾದರೆ ಸರ್ಕಾರದ ಫೀ ರಿಯಿಂಬರ್ಸ್‌ಮೆಂಟ್ ಒಂದನ್ನೇ ನಂಬಿ ಕೂರಬೇಡಿ. ಅದರ ಬಾಕಿ ಬರಲಿಲ್ಲವೆಂದೇ 2024ರಲ್ಲಿ ಖಾಸಗಿ ಪದವಿ ಕಾಲೇಜುಗಳು ಬಂದ್ ಮಾಡಿದ್ದವು. ರಾಯಚೂರಿನಲ್ಲಿ ಓದಬಹುದಲ್ಲ ಅಂದರೆ, ಅದು ಹತ್ತಿರ, ನಿಜ. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯ ತಾಲೂಕೇ ಆಗಿತ್ತು. ಆದರೆ ಆ ಕಡೆಯ ಮಕ್ಕಳಿಗಿರುವ ಸಂವಿಧಾನದ 371-ಜೆ ವಿಧಿಯ ಮೀಸಲಾತಿ ನಮಗಿಲ್ಲ.

ಮನೆಯಲ್ಲಿ ಮುಚ್ಚಿಡದೆ ಹೇಳಬೇಕಾದ ಮಾತು ಇನ್ನೊಂದಿದೆ: ಮೂರು ವರ್ಷದ ಡಿಗ್ರಿಯಿಂದ ಯಾರೂ ಮನೋಚಿಕಿತ್ಸಕರಾಗುವುದಿಲ್ಲ. ಆಗ ಸಿಗುವುದು ಬೇರೆ ಬಿ.ಎ.ಯವರಿಗೆ ಸಿಗುವಂಥ ಕೆಲಸ, ಅಂಥದೇ ಸಂಬಳ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂ.ಎ. ಹಂತದ ಓದು ಬೇಕು, ಆಸ್ಪತ್ರೆಯ ತರಬೇತಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಅಷ್ಟು ವರ್ಷ ಕೈಗೆ ದುಡ್ಡು ಬರುವುದಿಲ್ಲವೆಂದು ಈಗಲೇ ಲೆಕ್ಕ ಹಾಕಿ. ದೂರಶಿಕ್ಷಣದಲ್ಲಿ ಮುಗಿಸಿಬಿಡೋಣ ಅಂದರೆ 2025ರಿಂದ ಯುಜಿಸಿ ಆ ದಾರಿಯನ್ನೂ ಮುಚ್ಚಿದೆ.

ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುತ್ತಾರೆ. ಬಹಳ ಮಂದಿ ಪಟ್ಟಣದವರು, ಇಂಗ್ಲಿಷ್ ಮೀಡಿಯಂನವರು. ಅವರ ಮುಂದೆ ಕುಗ್ಗಬೇಡ. ಕನ್ನಡ, ತೆಲುಗು, ನಾರಾಯಣಪೇಟೆ ಬಜಾರಿನ ಉರ್ದು, ಮೂರೂ ನಿನಗೆ ಬರುತ್ತವೆ, ಮುಂದೆ ಅವೇ ಕೆಲಸಕ್ಕೆ ಬರುತ್ತವೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಒಂದೊಂದು ಮಾನಸಿಕ ಕಾಯಿಲೆಯಲ್ಲೂ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕೃಷ್ಣಾ ಮಂಡಲದ ಹಳ್ಳಿಯ ಹೆಣ್ಣುಮಗಳು ಮೈಮೇಲೆ ದೇವರು ಬಂತೆಂದು ದರ್ಗಾ, ಗುಡಿ ಸುತ್ತಿ ಸಾಕಾಗಿ ಮಹಬೂಬ್‌ನಗರದ ಆಸ್ಪತ್ರೆಗೆ ಹೋದರೆ, ಎದೆಯೊಳಗಿನ ಸಂಕಟ ಕನ್ನಡದಲ್ಲಿ ಕೇಳುವವರು ಯಾರು? ಗುಳೆ ಹೋಗಿ ಬಂದು ಮಾತೇ ಬಿಟ್ಟ ಗಂಡಸಿನ ಹತ್ತಿರ ಕೂತು ಮಾತಾಡಿಸುವವರು ಯಾರು? ನಿನ್ನಂಥವರು ಬೇಕಾಗಿರುವುದು ಇಲ್ಲೇ, ಮಗಳೇ.

ಇದು ಬರೀ ಸೇವೆಯ ಮಾತೆಂದು ನಿಮ್ಮಪ್ಪ ತಿಳಿಯದಿರಲಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನೆರೆಯ ಕರ್ನಾಟಕದ ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡುವುದನ್ನು ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಗಳಿವೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಅಂದರೆ 14416 ನಂಬರು, ನಡೆಯುವುದೇ ಜನರ ಭಾಷೆ ಬಲ್ಲ ಸಲಹೆಗಾರರಿಂದ.

ಆದಾಯದ ಪತ್ರ, ಜಾತಿ ಪತ್ರ ಎರಡನ್ನೂ ಮೀ-ಸೇವಾದಲ್ಲಿ ಈ ವಾರವೇ ಮಾಡಿಸಿಡು. ಕಾಲೇಜು ನೋಡಲು ಹೈದರಾಬಾದಿಗೆ ಹೊರಡುವ ದಿನ ತಿಳಿಸು, ನಾನೂ ಬರುತ್ತೇನೆ.

ನಿನ್ನ ದೊಡ್ಡಪ್ಪ